ಎಡಗಡೆ ಕಂಡಕ್ಟರನದು

1 ಸೆಪ್ಟೆಂಬರ್ 2025, ಸೋಮವಾರ. ಬೆಳಗಿನ 4.40

ಮತ್ತೆ ಅದೇ ಹೊತ್ತಿಗೆ ಎಚ್ಚರ. ರಿಟೈರ್ ಆಗಿ ಎರಡು ತಿಂಗಳಾಯಿತು. ಭಾಲ್ಕಿಯಿಂದ 5.30ಕ್ಕೆ ಔರಾದ್ ಫಸ್ಟ್ ಬಸ್ ಬಿಡುವುದು ಈಗ ಬೇರೆಯವನ ತಲೆನೋವು. ಈ ದೇಹಕ್ಕೆ ಮಾತ್ರ ಇನ್ನೂ ಆರ್ಡರ್ ಕಾಪಿ ಮುಟ್ಟಿಲ್ಲ.

ಮೂವತ್ತೊಂದು ವರ್ಷ ಈ ಹೊತ್ತಿಗೆ ಡ್ಯೂಟಿ ಡೈರಿ ಬರೆದದ್ದು. ಗಾಡಿ ನಂಬರ್, ಡೀಸೆಲ್, ಬ್ರೇಕ್ ಸರಿ ಇದೆ ಅಥವಾ ಇಲ್ಲ. ಕೊನೆಯ ಡೈರಿಯಲ್ಲಿ ಅರ್ಧ ಹಾಳೆಗಳು ಉಳಿದಿವೆ. ಗಾಡಿ ಇಲ್ಲ. ಚಟ ಬಿಡಬೇಕಲ್ಲ.

ಭಾನುವಾರ ಬೀದರಿಗೆ. ಕಾರಿನ ಶೋರೂಮಿಗೆ. ಇಷ್ಟು ವರ್ಷ ಓಡಿಸಿದ್ದೆಲ್ಲ ಸರಕಾರದ್ದು. ಸ್ವಂತಕ್ಕೆ ಒಂದು ಸೈಕಲ್ ಇತ್ತು, ಅದನ್ನೂ ಯಾರೋ ಒಯ್ದರು. ಕೆಲಸಕ್ಕೆ ಸೇರಿದ ವರ್ಷ ಭಾಗೀರಥಿ ಮೊದಲ ಸಲ ನನ್ನ ಬಸ್ಸಿನಲ್ಲಿ ತವರಿಗೆ ಹೊರಟಿದ್ದಳು, ಡಾಬಕಾಕ್ಕೆ. ಹೊಸ ಮದುವೆ. ಮುಂದೆ ಬಂದು ನನ್ನ ಪಕ್ಕ ನಿಂತಳು. ಡ್ಯೂಟಿಯಲ್ಲಿ ಮಾತಿಲ್ಲ ಎಂದು ಎಲ್ಲರೆದುರು ಗದರಿ ಹಿಂದೆ ಕಳಿಸಿದೆ. ಇಳಿಯುವಾಗ ಅವಳ ಮುಖ ನೋಡಿದೆ. ಒಂದು ದಿನ ನಮ್ಮದೇ ಗಾಡಿಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಇದೇ ಊರಿಗೆ ತರುತ್ತೇನೆ ಅಂದೆ. ಅವಳು ಮರೆತಿಲ್ಲ. ನಾನೂ.

ಈಚೆಗೆ ಅಗಸಿ ಚಟ್ನಿ ಮಾಡುವುದನ್ನೇ ಬಿಟ್ಟಿದ್ದಾಳೆ. ಯಾಕೆಂದು ಕೇಳಬೇಕು ಅಂದುಕೊಳ್ಳುತ್ತೇನೆ, ಊಟ ಮುಗಿದರೆ ಮರೆಯುತ್ತೇನೆ.

7 ಸೆಪ್ಟೆಂಬರ್, ಭಾನುವಾರ. ಸಂಜೆ

ಹೋಗಿ ಬಂದೆವು. ನಾನು, ಭಾಗೀರಥಿ, ಮಗಳು ಮಹಾಮಾಯಾ. ಮಹಾಮಾಯಾ ಠಾಣಾ ಕುಶನೂರಿನಲ್ಲಿ ಹೈಸ್ಕೂಲ್ ಟೀಚರ್, ದಿನಾ ಬಸ್ಸು. ಕಾರಿನ ಲೈಸೆನ್ಸ್ ಮಾಡಿಸಿ ಮೂರು ವರ್ಷ, ಬೀರುವಿನಲ್ಲಿ ಬೆಚ್ಚಗಿದೆ. ಕ್ಲಾಸಿನ ಕಾರು ಬಿಟ್ಟರೆ ಸ್ಟೀರಿಂಗ್ ಮುಟ್ಟಿಲ್ಲ.

ಶೋರೂಮಿನ ನೆಲ ನಮ್ಮ ತಾಟಿಗಿಂತ ಸ್ವಚ್ಛ. ಚಪ್ಪಲಿ ಹೊರಗೆ ಬಿಡಲು ಹೋದೆ. ಮಹಾಮಾಯಾ ತೋಳು ಹಿಡಿದು ಒಳಗೆ ಎಳೆದಳು. ಸೇಲ್ಸಿನ ಹುಡುಗಿ ತಹಮೀನಾ, ಬೀದರ್ ಹಳೇ ಊರಿನವಳು. ಮೈಲೇಜು, ಏರ್‌ಬ್ಯಾಗು ಎಲ್ಲ ಹೇಳಿದಳು. ನಾನು ಬಾನೆಟ್ ಎತ್ತಿಸಿ ಫ್ಯಾನ್ ಬೆಲ್ಟ್ ಬೆರಳಿನಿಂದ ಒತ್ತಿ ನೋಡಿದೆ. ಟೈರಿಗೆ ಎರಡು ಸಲ ಒದ್ದೆ. ಅಂಕಲ್ ಮೆಕ್ಯಾನಿಕ್ ಏನ್ರಿ ಎಂದು ಮಹಾಮಾಯಾಳನ್ನು ಕೇಳಿದಳಂತೆ.

ಭಾಗೀರಥಿ ಮಾತ್ರ ಒಂದೇ ಕೆಲಸ ಮಾಡಿದಳು. ನಿಲ್ಲಿಸಿಟ್ಟ ಕಾರಿನ ಮುಂದಿನ ಎಡ ಸೀಟಿನಲ್ಲಿ ಕೂತಳು. ಅರ್ಧ ತಾಸು ಇಳಿಯಲಿಲ್ಲ. ಬೇರೆ ಗಿರಾಕಿಗಳು ಬಂದು ಕಾದರು. ನಾನೇ ಹೋಗಿ ಕರೆದೆ.

"ಬಸ್ಸಿನಾಗ ಬರೇ ನಿಮ್ಮ ಬೆನ್ನು ನೋಡೀನ್ರಿ," ಅಂದಳು. "ಇಲ್ಲಿ ಕುಂತ್ರ ಮಾರಿ ಕಾಣ್ತದ."

ಬುಕ್ ಆಯಿತು. ಬಿಳಿ ಬಣ್ಣ. ಡೆಲಿವರಿ ದಸರಾ ದಿನ, ಅಕ್ಟೋಬರ್ 2. ಬೌದ್ಧರಾದ ನಮಗೆ ಅದು ಧಮ್ಮಚಕ್ರದ ದಿನವೂ ಹೌದು. ಮೂವರಿಗೂ ಒಪ್ಪಿಗೆ.

10 ಸೆಪ್ಟೆಂಬರ್, ಬುಧವಾರ

ಒಬ್ಬನೇ ಬೀದರಿಗೆ ಹೋಗಿದ್ದೆ, ಟೆಸ್ಟ್ ಡ್ರೈವ್‌ಗೆ. ಓಡಿಸಿ ನೋಡದೆ ಗಾಡಿ ಚಾರ್ಜ್ ತಗೊಳ್ಳುವ ಡ್ರೈವರ್ ಡ್ರೈವರೇ ಅಲ್ಲ.

ಸ್ಟಾರ್ಟ್ ಮಾಡಿದೆ. ಗೇರ್ ಹಾಕಿದೆ. ಕೂತೇ ಇದ್ದೆ. ಪಕ್ಕದಲ್ಲಿ ಕೂತ ತಹಮೀನಾ ನನ್ನ ಮುಖ ನೋಡಿದಳು. ಏನಾಯಿತು ಅಂಕಲ್ ಎಂದಾಗ ಹೊಳೆಯಿತು — ಯಾರೂ 'ರೈಟ್' ಅಂದಿರಲಿಲ್ಲ. ಕಂಡಕ್ಟರ್ ಸೀಟಿ ಊದದೆ ಕಾಲು ಕ್ಲಚ್ ಬಿಡಲೊಲ್ಲದು. ಹೇಳಿದೆ. ನಕ್ಕಳು, ತಾನೇ 'ರೈಟ್ ರೈಟ್' ಅಂದಳು. ಒಳ್ಳೆಯ ಹುಡುಗಿ.

ನೌಬಾದಿನ ತನಕ ಬೆಣ್ಣೆ ಬೆಣ್ಣೆ. ತಿರುಗಿಸಿಕೊಂಡು ಬರುವಾಗ ಎಡಗಡೆ ದಢ್ ಎಂದಿತು. ಬಾಳೆಹಣ್ಣಿನ ಬಂಡಿ. ಕನ್ನಡಿ ಮಡಚಿಕೊಂಡಿತು, ಬಂಡಿಯವನ ಮೊಳಕೈ ತರಚಿತು. ಅವನ ಬೈಗುಳ ಬರೆಯುವಂಥದ್ದಲ್ಲ.

"ಅಷ್ಟು ದೊಡ್ಡ ಬಂಡಿ ಕಾಣ್ಲಿಲ್ಲೇನ್ರಿ ಅಂಕಲ್?" ತಹಮೀನಾ ಮೆಲ್ಲಗೆ ಕೇಳಿದಳು.

ಬಸ್ಸಿನಲ್ಲಿ ಬಲಗಡೆ ಡ್ರೈವರಂದು, ಎಡಗಡೆ ಕಂಡಕ್ಟರನದು, ಅದೇ ರೂಢಿ ಎಂದೆ. ಒಪ್ಪಿದಂತೆ ತಲೆ ಆಡಿಸಿದಳು. ರೂಢಿಯೇ ಇರಬೇಕು.

11 ಸೆಪ್ಟೆಂಬರ್

ರೂಢಿಯಲ್ಲ.

ಹಿತ್ತಿಲಲ್ಲಿ ನಿಂತು ಬಲಗಣ್ಣು ಮುಚ್ಚಿದೆ. ಎದುರಿನ ನಲ್ಲಿ ಕಾಣುತ್ತದೆ. ಬೇವಿನ ಗಿಡ ಕಾಣುತ್ತದೆ. ಅದರ ಎಡಕ್ಕಿರುವ ಬಟ್ಟೆ ಒಗೆಯುವ ಕಲ್ಲು ಇಲ್ಲ. ಕತ್ತಲೆಯೂ ಅಲ್ಲ, ಮಂಜೂ ಅಲ್ಲ. ಇಲ್ಲವೇ ಇಲ್ಲ. ಕತ್ತು ತಿರುಗಿಸಿದರೆ ಇದೆ.

ಹೋದ ವರ್ಷದ ತಪಾಸಣೆಯಲ್ಲಿ ಕೊನೆ ಸಾಲಿನ ಇರುವೆ ಅಕ್ಷರವನ್ನೂ ಓದಿದ್ದೆ... ಭಾಷೆ ಕೊಟ್ಟು ಹೇಳುತ್ತೇನೆ, ಓದಿದ್ದೆ.

15 ಸೆಪ್ಟೆಂಬರ್, ಸೋಮವಾರ. ಬೀದರ್ ಬಸ್ ಸ್ಟ್ಯಾಂಡ್, ಮಧ್ಯಾಹ್ನ 2

ಕಣ್ಣಿನ ಡಾಕ್ಟರರ ಹತ್ತಿರ ಹೋಗಿದ್ದೆ. ಮನೆಯಲ್ಲಿ ಪೆನ್ಶನ್ ಕಾಗದ ಎಂದು ಸುಳ್ಳು ಹೇಳಿ. ಒಂದು ಡಬ್ಬಿಯೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗ ಬಟನ್ ಒತ್ತಬೇಕು. ಬಹಳ ಹೊತ್ತು ಚುಕ್ಕಿಯೇ ಕಾಣಲಿಲ್ಲ. ಮಶೀನು ಕೆಟ್ಟಿದೆ ಅಂದುಕೊಂಡೆ.

ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ. ಎದುರಿನದು ಕಾಣುತ್ತಿರುತ್ತದೆ, ಅಂಚಿನಿಂದ ತಿನ್ನುತ್ತಾ ಬರುತ್ತದೆ, ನೋವಿಲ್ಲ, ಅದಕ್ಕೇ ಅಕ್ಷರ ಓದಿಸಿದರೆ ಸಿಗುವುದಿಲ್ಲ ಅಂದರು. ಎಡಗಣ್ಣಿನಲ್ಲಿ ಹೋದದ್ದು ಬರುವುದಿಲ್ಲ. ಹನಿ ಹಾಕಿದರೆ ಉಳಿದದ್ದು ಉಳಿಯಬಹುದು. ಗಾಡಿ ಓಡಿಸಬೇಡಿ. ಇಂದಿನಿಂದಲೇ.

ಎಷ್ಟು ದಿನದಿಂದ ಹೀಗಿರಬಹುದು ಎಂದು ಕೇಳಿದೆ. ದಿನ ಅಲ್ಲ, ವರ್ಷ ಅಂದರು.

ವರ್ಷ. ಅಂದರೆ ಬಸ್ಸಿನಲ್ಲೂ. ಎದುರು ಔರಾದ್ ಗಾಡಿ ನಿಂತಿದೆ, ಮಕ್ಕಳು ಹತ್ತುತ್ತಿದ್ದಾರೆ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ. ಕಡಲೆ ನನಗೊಬ್ಬನಿಗೇ ಆಗಿದ್ದರೆ ಚಿಂತೆ ಇರಲಿಲ್ಲ. ಆ ಸೀಟಿನಲ್ಲಿ ಅರ್ಧ ತಾಸು ಕೂತವಳಿಗೆ ಏನು ಹೇಳಲಿ?

16 ಸೆಪ್ಟೆಂಬರ್

ಕಲೀಮನ ಮನೆಗೆ ಹೋಗಿದ್ದೆ. ಹನ್ನೊಂದು ವರ್ಷ ನನ್ನ ಕಂಡಕ್ಟರ್. ಹನಿ ಔಷಧದ ಚೀಟಿ ಮುಂದಿಟ್ಟೆ. ಓದಲಿಲ್ಲ. ಚಹಾ ಕಪ್ಪು ಕೆಳಗಿಟ್ಟ.

"ಉಸ್ತಾದ್, ನನಗ ಗೊತ್ತಿತ್ತು."

ಹೋದ ವರ್ಷ ಶ್ರಾವಣದಲ್ಲಿ ನಾವು ಖಟಕ ಚಿಂಚೋಳಿ ಟ್ರಿಪ್ಪಿನಲ್ಲಿದ್ದೆವು. ಊರ ಹತ್ತಿರ ಅವನು ಕಿವಿ ಹರಿಯುವಂತೆ ಸೀಟಿ ಊದಿದ್ದು, ನಾನು ಬ್ರೇಕ್ ಒತ್ತಿ ಬೈದದ್ದು ನೆನಪಿದೆ. ಸುಮ್ಮನೆ ಊದಿದ ಎಂದು ಎರಡು ದಿನ ಮಾತು ಬಿಟ್ಟಿದ್ದೆ. ಸುಮ್ಮನೆ ಅಲ್ಲ. ಎಡಗಡೆ ಸೈಕಲ್ ಹಿಡಿದು ನಿಂತ ಮುದುಕನಿಗೆ ಒಂದು ಗೇಣು ಉಳಿದಿತ್ತಂತೆ. ಅವತ್ತಿನಿಂದ ನಾನು ಸ್ಟೀರಿಂಗ್ ಬಿಟ್ಟ ದಿನದವರೆಗೆ, ಊರು ಬಂತೆಂದರೆ ಕಲೀಮ ತನ್ನ ಸೀಟಿನಲ್ಲಿ ಕೂತಿಲ್ಲ. ಮುಂದಿನ ಬಾಗಿಲಲ್ಲೇ ನಿಂತು ಎಡಗಡೆ ನೋಡಿ ಬಸ್ಸಿನ ತಗಡು ಬಡಿದು ಸೂಚನೆ ಕೊಟ್ಟಿದ್ದಾನೆ. ಬೆನ್ನು ನೋವಿಗೆ ನಿಲ್ಲುತ್ತಾನೆ ಅಂದುಕೊಂಡಿದ್ದೆ. ಹಾಗೆಂದು ಅವನೇ ಹೇಳಿದ್ದ.

ಯಾಕೆ ಹೇಳಲಿಲ್ಲ ಎಂದೆ. ಹೇಳಿದರೆ ಸ್ಟೀರಿಂಗ್ ಬಿಡಿಸುತ್ತಿದ್ದರು, ಒಂದು ವರ್ಷವೂ ಉಳಿದಿರಲಿಲ್ಲ, ನೀವು ಸತ್ತೇ ಹೋಗುತ್ತಿದ್ದಿರಿ ಅಂದ.

"ಐವತ್ತು ಮಂದಿ ಇರ್ತಿದ್ರೋ ಕಲೀಮ."

"ಅದಕ್ಕೇ ನಿಂತಿದ್ದೆ ಉಸ್ತಾದ್."

ಎದ್ದು ಬಂದೆ. ಖುದಾ ಹಾಫಿಜ್ ಕೂಡ ಹೇಳಲಿಲ್ಲ. ಅವನು ಮಾಡಿದ್ದು ತಪ್ಪು. ನನ್ನ ಸಲುವಾಗಿ ಮಾಡಿದ. ಆ ತಪ್ಪನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

27 ಸೆಪ್ಟೆಂಬರ್, ಶನಿವಾರ

ಹತ್ತು ದಿನ ಏನೂ ಬರೆದಿಲ್ಲ. ಮಳೆ ಬಿಟ್ಟಿಲ್ಲ. ಹನಿ ಬಾಟಲಿ ಶೇವಿಂಗ್ ಡಬ್ಬಿಯಲ್ಲಿದೆ. ಬಚ್ಚಲಿಗೆ ಹೋಗಿ ಕಳ್ಳನಂತೆ ಹಾಕಿಕೊಳ್ಳುತ್ತೇನೆ. ಕಲೀಮನ ಫೋನ್ ಆರು ಸಲ. ಎತ್ತಿಲ್ಲ.

ಭಾಗೀರಥಿ ಹಸಿರು ಸೀರೆ ತಂದಿದ್ದಾಳೆ. ಡಾಬಕಾದ ತಂಗಿಗೆ ಫೋನ್ ಮಾಡಿ, ನಿಮ್ಮ ಭಾವ ಓಡಿಸುತ್ತಾರೆ, ನಾನು ಪಕ್ಕದಲ್ಲಿ ಕೂತು ಬರುತ್ತೇನೆ ಎಂದು ಮೂರು ಸಲ ಹೇಳಿದಳು. ನಾನು ಪಕ್ಕದ ಕೋಣೆಯಲ್ಲಿ ಉಗುರು ಕತ್ತರಿಸುತ್ತಿದ್ದೆ. ಹೇಳು, ಈಗ ಹೇಳು ಅಂದುಕೊಂಡೆ. ಹತ್ತೂ ಬೆರಳು ಮುಗಿದವು.

ಕೆಟ್ಟ ಯೋಚನೆಯೂ ಬರುತ್ತಿದೆ. ಶೋರೂಮಿನಿಂದ ಮನೆ ತನಕ ಮಾತ್ರ. ಒಂದೇ ಸಲ. ಮೆಲ್ಲಗೆ. ಅವಳ ಆಸೆ ತೀರಲಿ, ಆಮೇಲೆ ಹೇಳಿದರಾಯಿತು... ಮೂವತ್ತೊಂದು ವರ್ಷ ಒಂದು ಕೋಳಿಯನ್ನೂ ಕೊಲ್ಲದವನು ನಾನು. ಇಲ್ಲ, ಹಾಗೆ ಹೇಳುವ ಹಕ್ಕೂ ಈಗ ಪೂರ್ತಿ ನನ್ನದಲ್ಲ. ಅರ್ಧ ಕಲೀಮನದು.

2 ಅಕ್ಟೋಬರ್, ಗುರುವಾರ. ಸಂಜೆ 6

ಬರೆಯುತ್ತೇನೆ.

ಬೆಳಿಗ್ಗೆ ಮನೆಯಲ್ಲಿ ವಂದನೆ ಮುಗಿಸಿ ಬೀದರಿಗೆ ಹೊರಟೆವು. ಶೋರೂಮಿನಲ್ಲಿ ಸಂತೆ. ಕಾರಿಗೆ ರಿಬ್ಬನ್ನು, ರಟ್ಟಿನ ದೊಡ್ಡ ಕೀಲಿ, ಕೇಕು ಬೇರೆ. ಗಾಲಿಗೆ ನಿಂಬೆಹಣ್ಣು ಇಡಬೇಕೇ ಎಂದು ತಹಮೀನಾ ಕೇಳಿದಳು. ಮಹಾಮಾಯಾ ಬೇಡ ಎನ್ನುವಷ್ಟರಲ್ಲಿ ನಾನು ಹೂಂ ಅಂದಿದ್ದೆ. ಡಿಪೊ ಬುದ್ಧಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ಡ್ರೈವರ್ ಸೀಟಿನಲ್ಲಿ ಕೂತೆ. ಹೌದು, ಕೂತೆ. ಕೀಲಿ ತಿರುಗಿಸಿದೆ. ಎಡಗಡೆ ಬಾಗಿಲು ಹಾಕಿದ ಸದ್ದು. ಹೊಸ ಸೀರೆಯ ವಾಸನೆ. ಬಳೆಯ ಸದ್ದು. ಎದುರಿನ ರಸ್ತೆ ನೋಡಿಕೊಂಡೇ ಇದ್ದೆ, ಡ್ರೈವರ್ ನೋಡುವ ಹಾಗೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷ ಕಾದು ಬಂದು ಕೂತವಳು ಅಲ್ಲಿರಲಿಲ್ಲ. ಪೂರ್ತಿ ಕತ್ತು ತಿರುಗಿಸಿದೆ. ಇದ್ದಳು. ನನ್ನನ್ನೇ ನೋಡುತ್ತಿದ್ದಳು.

ಎಂಜಿನ್ ಆಫ್ ಮಾಡಿದೆ.

"ಭಾಗೂ, ನೀ ನನಗ ಕಾಣವಲ್ಲಿ."

ಎಲ್ಲ ಹೇಳಿದೆ. ಡಾಕ್ಟರು, ಹನಿ, ಬಾಳೆಹಣ್ಣಿನ ಬಂಡಿ, ಕಲೀಮ. ಹೊರಗೆ ಮಹಾಮಾಯಾ ಗಾಜು ಬಡಿಯುತ್ತಿದ್ದಳು. ಭಾಗೀರಥಿ ಸೀರೆಯ ಬಗ್ಗೆ, ಡಾಬಕಾದ ಬಗ್ಗೆ ಅಳುತ್ತಾಳೆ ಅಂದುಕೊಂಡೆ.

"ಹಂಗಾದ್ರ ಚಟ್ನಿ?" ಅಂದಳು.

ಯಾವ ಚಟ್ನಿ ಎಂದೆ.

"ವರ್ಷ ಆತು, ತಾಟಿನ ಎಡಕ ಬಡಿಸಿದ್ದು ಮುಟ್ಟಂಗಿಲ್ಲ ನೀವು. ನನ್ನ ಕೈರುಚಿ ಸೇರವಲ್ದು ಅಂತ ಮಾಡೋದೇ ಬಿಟ್ಟೀನ್ರಿ. ಎಡಕ ಬಂದು ನಿಂತ್ರೂ ನೋಡ್ತಿದ್ದಿಲ್ಲ. ನಾ ಬ್ಯಾಡಾಗೀನಿ ಅಂದಕೊಂಡಿದ್ದೆ."

ಆಗ ಅತ್ತಳು. ನಾನೂ ಅತ್ತೆ. ಕಣ್ಣು ಹೋದದ್ದು ನನ್ನದು, ವರ್ಷವಿಡೀ ಕುರುಡಿಯ ಹಾಗೆ ತಡಕಾಡಿದ್ದು ಅವಳು. ಮಹಾಮಾಯಾ ಬಾಗಿಲು ತೆಗೆದು ಇಬ್ಬರನ್ನೂ ನೋಡಿ ಹೆದರಿದಳು. ಖುಷಿಗೆ ಎಲ್ಲರೂ ಅಳುತ್ತಾರೆ ಎಂದು ತಹಮೀನಾ ಸಮಾಧಾನ ಮಾಡಿದಳು.

ಶೋರೂಮಿನ ಡ್ರೈವರ್ ಭಾಲ್ಕಿಗೆ ತಂದುಬಿಟ್ಟ. ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿದವನೂ ಅವನೇ. ಮಹಾಮಾಯಾ ದಾರಿಯಲ್ಲಿ ನನ್ನಿಂದಲೇ ಎಲ್ಲ ಕೇಳಿಸಿಕೊಂಡಳು. ಮನೆಗೆ ಬಂದು ಬೀರು ತೆಗೆದು ಲೈಸೆನ್ಸ್ ಟೇಬಲ್ಲಿನ ಮೇಲಿಟ್ಟಳು.

"ನಾಳಿಂದ ಕಲಿಸ್ರಿ ಪಪ್ಪಾ. ಮುಂಜಾನಿ ಐದಕ್ಕ. ಹ್ಯಾಂಗೂ ಎದ್ದಿರ್ತೀರಿ."

9 ಅಕ್ಟೋಬರ್

ಸಾಲೆಯ ಮೈದಾನದಲ್ಲಿ ಏಳನೇ ದಿನ. ಇಂದು ಹನ್ನೊಂದು ಸಲ ಎಂಜಿನ್ ಬಂದ್ ಬಿತ್ತು. ನಾನು ಎಡ ಸೀಟಿನಲ್ಲಿ. ಇಲ್ಲಿಂದ ಮಹಾಮಾಯಾ ಪೂರ್ತಿ ಕಾಣುತ್ತಾಳೆ. ಕೂಗಾಡಬಾರದು ಅಂದುಕೊಂಡೇ ಕೂಗಾಡಿದೆ. ನಾನೂ ಟೀಚರೇ, ಮಕ್ಕಳಿಗೆ ಇಷ್ಟು ಬೈಯುವುದಿಲ್ಲ ಅಂದಳು.

ಮಧ್ಯಾಹ್ನ ತಾಟಿನ ಬಲಗಡೆ ಅಗಸಿ ಚಟ್ನಿ. ಮೂರು ಸಲ ಹಾಕಿಸಿಕೊಂಡೆ.

ಸಂಜೆ ಕಲೀಮನಿಗೆ ಫೋನ್ ಮಾಡಿದೆ. ನೀನು ಮಾಡಿದ್ದು ತಪ್ಪು ಎಂದೆ. ಹೌದು ಅಂದ. ಆಮೇಲೆ ಒಂದು ಡ್ಯೂಟಿ ಇದೆ, ಬರುತ್ತೀಯಾ ಎಂದು ಕೇಳಿದೆ.

26 ಅಕ್ಟೋಬರ್, ಭಾನುವಾರ. ಬೆಳಿಗ್ಗೆ 6.10

ಗಾಡಿ: ಹೊಸದು, ಬಿಳಿ. ರೂಟು: ಭಾಲ್ಕಿಯಿಂದ ಔರಾದ್ ಮೇಲೆ ಡಾಬಕಾ. ಬ್ರೇಕ್: ಸರಿ ಇದೆ. ಡ್ರೈವರ್: ಮಹಾಮಾಯಾ. ಕಂಡಕ್ಟರ್: ಕಲೀಮ, ಮುಂದೆ ಎಡಕ್ಕೆ. ವಾರದ ರಜೆ ಹಾಳು ಮಾಡಿಕೊಂಡು ಬಂದಿದ್ದಾನೆ, ಸೀಟಿ ಸಮೇತ. ಪ್ಯಾಸೆಂಜರ್: ಇಬ್ಬರು.

ಜಗಲಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಭಾಗೀರಥಿ ಆಗಲೇ ಹಿಂದಿನ ಸೀಟು ಹತ್ತಿದ್ದಾಳೆ. ಹಸಿರು ಸೀರೆ. ಬಲಗಡೆ ಕೂತು, ತನ್ನ ಎಡಕ್ಕೆ ನನ್ನ ಟವೆಲ್ ಹಾಸಿ ಸೀಟು ಹಿಡಿದಿದ್ದಾಳೆ. ಸಂತೆ ದಿನ ನನ್ನ ಬಸ್ಸಿನಲ್ಲಿ ಹೆಂಗಸರು ಹಿಡಿಯುತ್ತಿದ್ದ ಹಾಗೆ. ಹೊರಟವರೇ ನಾಲ್ಕು ಜನ, ಬೇರೆ ಯಾರು ಬಂದು ಕೂರುತ್ತಾರೆ? ಆದರೂ ಒಂದು ಕೈ ಅದರ ಮೇಲೇ ಇಟ್ಟಿದ್ದಾಳೆ.

ಮಹಾಮಾಯಾ ಸ್ಟಾರ್ಟ್ ಮಾಡಿದಳು. ಕಲೀಮ ಇನ್ನೂ ರೈಟ್ ಅಂದಿಲ್ಲ. ಈ ಕಡೆ ನೋಡುತ್ತಿದ್ದಾನೆ. ಎಲ್ಲರೂ ನೋಡುತ್ತಿದ್ದಾರೆ, ನಾನು ಹತ್ತಲಿ ಎಂದು. ಭಾಗೀರಥಿ ಟವೆಲ್ ತೆಗೆದಳು—