ನಿಮ್ಮ ಕಪಾಟಿನಲ್ಲಿರುವ ಹನ್ನೊಂದು ಕೀಲಿಗಳು

ಮಾನ್ಯ ವಸತಿ ಅಧಿಕಾರಿಗಳೇ,

ನಿಮ್ಮ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ, ಕೆಂಪು ಮಖಮಲ್ಲು ಹೊದಿಸಿದ ಹಲಗೆಯ ಮೇಲೆ, ಹನ್ನೊಂದು ಮನೆಗಳ ಕೀಲಿಗಳನ್ನು ಎಂಟು ತಿಂಗಳಿಂದ ನೇತುಹಾಕಿಕೊಂಡು ಕೂತಿದ್ದೀರಿ. ಅವುಗಳಲ್ಲಿ ಹತ್ತು ಈಗ ಯಾವ ಬಾಗಿಲನ್ನೂ ತೆರೆಯುವುದಿಲ್ಲ. ಬೀಗ ಬದಲಾಯಿಸಿದವಳು ನಾನು. ಹಾಡಹಗಲೇ, ಬೀದಿಯವರೆಲ್ಲ ನೋಡುತ್ತಿದ್ದಂತೆ ಬದಲಾಯಿಸಿದ್ದೇನೆ. ದೂರು ಕೊಡುವ ಮನಸ್ಸಿದ್ದರೆ ವಿಳಾಸ ಹುಡುಕುವ ಕಷ್ಟ ಬೇಡ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಿಂತು ‘ಬೀಗದಕ್ಕನ ಅಂಗಡಿ ಎಲ್ಲಿ’ ಎಂದು ಕೇಳಿದರೆ ಸಾಕು, ಕಣ್ಣು ಮುಚ್ಚಿಕೊಂಡು ತೋರಿಸುತ್ತಾರೆ.

ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನೀವು ಆ ಹಲಗೆಯ ಸಮೇತ ಕ್ಯಾಮೆರಾಗಳ ಮುಂದೆ ಬಂದು, ಮುಗುಳ್ನಗುತ್ತಾ, ಒಂದೊಂದೇ ಮನೆಯನ್ನು ‘ಅರ್ಹ ಕುಟುಂಬಗಳಿಗೆ ಹಸ್ತಾಂತರಿಸುವ’ ಕಾರ್ಯಕ್ರಮವಿದೆಯಂತೆ. ಆಮಂತ್ರಣ ಪತ್ರಿಕೆ ನನಗೂ ಬಂದಿದೆ. ದಾನಿಗಳ ಪಟ್ಟಿಯಲ್ಲಿ ನನ್ನ ಹೆಸರು ಕೊನೆಯಲ್ಲಿದೆ, ಅದೂ ತಪ್ಪಾಗಿ ಅಚ್ಚಾಗಿದೆ. ಅದಕ್ಕೆ ನನಗೆ ಬೇಸರವಿಲ್ಲ. ನನಗಿರುವ ಸಿಟ್ಟು ಬೇರೆಯದು, ಅದನ್ನು ನಾಲ್ಕು ಜನರ ಮುಂದೆಯೇ ಹೇಳಬೇಕು ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನೆಲ ನಿಮ್ಮ ಕಚೇರಿಯದು, ಒಪ್ಪಿದೆ. ರೈಲು ಹಳಿಯ ಪಕ್ಕದ, ಮುಳ್ಳುಕಂಟಿ ಬೆಳೆದ, ಯಾರಿಗೂ ಬೇಡವಾಗಿದ್ದ ನೆಲ. ಉಳಿದದ್ದೆಲ್ಲ ಊರಿನದು. ಟಿಂಬರ್ ಡಿಪೋದವರು ಬಾಗಿಲು ಕೊಟ್ಟರು. ಸಿಮೆಂಟ್ ಅಂಗಡಿಯವರು ತಮ್ಮ ಲಾರಿಯನ್ನೇ ಬಿಟ್ಟುಕೊಟ್ಟರು. ಬಣ್ಣದ ಅಂಗಡಿಯವರು ಯಾರೂ ಕೊಳ್ಳದೆ ಉಳಿದ ಡಬ್ಬಗಳನ್ನೆಲ್ಲ ದಾನ ಮಾಡಿ ಪುಣ್ಯ ಕಟ್ಟಿಕೊಂಡರು, ಹಾಗಾಗಿ ನಮ್ಮ ಸಾಲಿನಲ್ಲಿ ಒಂದು ಮನೆ ಬದನೆಕಾಯಿ ಬಣ್ಣದ್ದು, ಅದರ ಪಕ್ಕದ್ದು ಶಾಲಾ ಬಸ್ಸಿನ ಹಳದಿ. ರಜೆಯ ದಿನಗಳಲ್ಲಿ ನರ್ಸುಗಳು, ಬ್ಯಾಂಕಿನವರು, ಗಣಿತದ ಮೇಷ್ಟ್ರು ಬಂದು ಇಟ್ಟಿಗೆ ಹೊತ್ತರು. ಮೇಷ್ಟ್ರು ಕಟ್ಟಿದ ಗೋಡೆಯನ್ನು ಗಾರೆ ಮೇಸ್ತ್ರಿ ಎರಡು ಸಲ ಕೆಡವಿಸಿದ. ‘ಸಾರ್, ಬೋರ್ಡ್ ಮೇಲೆ ಗೆರೆ ಅಷ್ಟು ನೆಟ್ಟಗೆ ಎಳೀತೀರಿ, ಇಲ್ಲೇನಾಯ್ತು ನಿಮ್ಗೆ?’ ಎಂದು ಕೇಳಿದ. ಮೇಷ್ಟ್ರು ತಲೆ ತಗ್ಗಿಸಿ ಮೂರನೆಯ ಸಲ ಕಟ್ಟಿದರು. ಆ ಗೋಡೆ ಈಗಲೂ ನೆಟ್ಟಗಿದೆ.

ನಾವು ಒಂದು ನಿಯಮ ಮಾಡಿಕೊಂಡಿದ್ದೆವು. ಮನೆ ಪಡೆಯುವ ಹನ್ನೊಂದು ಕುಟುಂಬಗಳೂ ಎಲ್ಲ ಮನೆಗಳ ಕೆಲಸಕ್ಕೂ ಕೈ ಹಾಕಬೇಕು, ಎಲ್ಲ ಸೂರು ಮುಗಿಯುವವರೆಗೆ ಯಾರ ಮನೆ ಯಾವುದೆಂದು ಯಾರಿಗೂ ಗೊತ್ತಿರಬಾರದು. ಗೊತ್ತಿದ್ದರೆ ನಮ್ಮದಕ್ಕೆ ಒಂದು ಬಾಂಡಲಿ ಸಿಮೆಂಟು ಜಾಸ್ತಿ ಹಾಕುತ್ತೇವೆ, ಮನುಷ್ಯರಲ್ಲವೇ? ಏಳನೆಯ ಮನೆಗೆ ಮಾತ್ರ ಈ ನಿಯಮ ಇರಲಿಲ್ಲ. ಅದರ ಬಾಗಿಲುಗಳು ಉಳಿದವಕ್ಕಿಂತ ಒಂದು ಗೇಣು ಅಗಲ. ಅದರ ಮುಂದೆ ಮೆಟ್ಟಿಲಿಲ್ಲ, ಇಳಿಜಾರು ದಾರಿ ಇದೆ. ಅದು ಪೇಂಟರಣ್ಣನ ಮನೆ ಎಂದು ಮೊದಲ ದಿನದಿಂದಲೇ ಎಲ್ಲರಿಗೂ ಗೊತ್ತಿತ್ತು.

ಪೇಂಟರಣ್ಣ ಯಾರೆಂದು ನಿಮಗೆ ಹೇಳಬೇಕು, ಏಕೆಂದರೆ ನಿಮ್ಮ ಕಡತದಲ್ಲಿ ಅವನು ‘ಫಲಾನುಭವಿ ಸಂಖ್ಯೆ ಏಳು’. ಈ ಊರಿನ ಅರ್ಧ ಕಟ್ಟಡಗಳಿಗೆ ಬಣ್ಣ ಬಳಿದವನು. ನಿಮ್ಮ ಕಚೇರಿಯ ಹೊರಗೋಡೆಗೂ ಅವನೇ ಬಳಿದದ್ದು. ಮೂರು ವರ್ಷದ ಹಿಂದೆ ಒಂದು ಅಂಗಡಿ ಮಳಿಗೆಗೆ ಬಣ್ಣ ಹೊಡೆಯುವಾಗ ಮೇಲಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅವನ ಹೆಂಡತಿ ಇಸ್ತ್ರಿ ಮಾಡುತ್ತಾಳೆ, ನನಗೆ ಸ್ವಂತ ತಂಗಿಯಂತೆ. ಗಂಡಹೆಂಡತಿ ಇದ್ದದ್ದು ಬಾಡಿಗೆಯ ಒಂದು ಕೋಣೆಯಲ್ಲಿ, ಮೂರನೆಯ ಮಹಡಿಯಲ್ಲಿ. ಐವತ್ತನಾಲ್ಕು ಮೆಟ್ಟಿಲು. ಗಾಲಿಕುರ್ಚಿಯ ಸಮೇತ ಅವನನ್ನು ಇಳಿಸಲು ನಾಲ್ಕು ಗಟ್ಟಿ ಗಂಡಸರು ಬೇಕು. ಹಾಗಾಗಿ ಅವನು ಮೂರು ವರ್ಷದಲ್ಲಿ ಎಷ್ಟು ಸಲ ನೆಲ ಕಂಡ ಎಂಬುದನ್ನು ಬೆರಳಿನಲ್ಲಿ ಎಣಿಸಬಹುದು.

ತಂಗಿ ಇಸ್ತ್ರಿಯ ಕೆಲಸ ಮುಗಿಸಿ ಬಂದು ಹನ್ನೊಂದೂ ಮನೆಗಳ ಗೋಡೆಗೆ ಗಾರೆ ಮೆತ್ತಿದಳು. ಕೊನೆಕೊನೆಗೆ ಮೇಸ್ತ್ರಿಯೇ ‘ಒಳಗೋಡೆ ಅಮ್ಮನೇ ಮಾಡ್ಲಿ, ಅವರ ಕೈಯಲ್ಲಿ ಸುಕ್ಕೇ ನಿಲ್ಲಲ್ಲ’ ಅನ್ನುತ್ತಿದ್ದ. ಬಣ್ಣದ ದಿನ ಬಂದಾಗ ಪೇಂಟರಣ್ಣ ಹಟ ಹಿಡಿದ. ‘ಇಡೀ ಊರಿಗೆ ಬಣ್ಣ ಬಳಿದೋನು ನಾನು. ನನ್ನ ಮನೆಗೆ ಬ್ಯಾಂಕಿನವರು ಬಳೀಬೇಕಾ?’ ನಾಲ್ವರು ಹೊತ್ತು ಇಳಿಸಿ, ಸಿಮೆಂಟ್ ಲಾರಿಯಲ್ಲಿ ಕೂರಿಸಿ ಕರೆತಂದೆವು. ಅವನು ತಿಳಿನೀಲಿ ಡಬ್ಬ ಆರಿಸಿಕೊಂಡು, ಕುರ್ಚಿಯಲ್ಲಿ ಕೂತೇ, ಕೈ ಎಟಕುವಷ್ಟು ಎತ್ತರದವರೆಗೆ ಮುಂದಿನ ಕೋಣೆಯ ಗೋಡೆಗೆ ಬಣ್ಣ ಬಳಿದ. ಸಂಜೆಯಾಯಿತು. ನರ್ಸಮ್ಮ ಒಬ್ಬರು ‘ಮೇಲಿನದು ನಾವು ಮಾಡ್ತೀವಿ ಅಣ್ಣಾ’ ಅಂದರು. ‘ಬೇಡಮ್ಮ, ಮುಟ್ಟಬೇಡಿ. ಮನೆಗೆ ಬಂದ್ಮೇಲೆ ಉದ್ದದ ಕೋಲಿಗೆ ಬ್ರಷ್ ಕಟ್ಕೊಂಡು ನಾನೇ ಮಾಡ್ತೀನಿ. ಒಂದು ವಾರದ್ದು ತಾನೇ?’ ಅಂದ.

ಆ ವಾರದಲ್ಲೇ ನಿಮ್ಮ ಆದೇಶ ಬಂತು. ‘ವಿಧ್ಯುಕ್ತ ಹಸ್ತಾಂತರವಾಗುವವರೆಗೆ ಸದರಿ ಮನೆಗಳ ಎಲ್ಲ ಕೀಲಿಗಳೂ ಈ ಕಚೇರಿಯ ವಶದಲ್ಲಿರತಕ್ಕದ್ದು.’ ಹನ್ನೊಂದು ಬೀಗಗಳನ್ನು ಕೊಟ್ಟವಳು ನಾನು. ಕೀಲಿಗಳನ್ನು ಎಣಿಸಿ, ಚೀಟಿ ಕಟ್ಟಿ ನಿಮ್ಮ ಗುಮಾಸ್ತರಿಗೆ ಒಪ್ಪಿಸಿದವಳೂ ನಾನೇ. ಎಂಥ ವಿಧೇಯಳು ನೋಡಿ!

ಆಮೇಲೆ ನಿಮ್ಮ ಶುಭದಿನಗಳು ಶುರುವಾದವು. ಮೊದಲ ದಿನಾಂಕಕ್ಕೆ ಮುಖ್ಯ ಅತಿಥಿಗಳಿಗೆ ಬಿಡುವಿರಲಿಲ್ಲ. ಎರಡನೆಯದಕ್ಕೆ ಮುನ್ನಾದಿನ, ಕಲ್ಲಿನ ಫಲಕದಲ್ಲಿ ನಿಮ್ಮ ಹೆಸರು ಟಿಂಬರ್ ಡಿಪೋದವರ ಹೆಸರಿಗಿಂತ ಕೆಳಗಿದೆ ಎಂಬ ಘೋರ ಅನಾಹುತ ಬೆಳಕಿಗೆ ಬಂತು. ಫಲಕ ಮತ್ತೆ ಕೆತ್ತಬೇಕಾಯಿತು, ಅದಕ್ಕೆ ಏಳು ವಾರ. ಆಮೇಲೆ ಚುನಾವಣೆ. ಆಮೇಲೆ ನಿಮಗೆ ನೆಗಡಿ. ಅದೂ ಮುಗಿದ ಮೇಲೆ ನಿಮ್ಮ ತಪಾಸಣಾ ಟಿಪ್ಪಣಿ: ‘ಏಳನೆಯ ಮನೆಯ ಒಳಗೋಡೆಯ ಬಣ್ಣ ಅಪೂರ್ಣ. ಪೂರ್ಣಗೊಳಿಸಿದ ನಂತರವೇ ಹಸ್ತಾಂತರ.’ ಪೂರ್ಣಗೊಳಿಸಲು ಒಳಗೆ ಹೋಗಬೇಕು, ಒಳಗೆ ಹೋಗಲು ಕೀಲಿ ಬೇಕು, ಕೀಲಿ ಹಸ್ತಾಂತರದ ನಂತರವೇ. ಇದನ್ನು ಯಾರು ಯೋಚಿಸಿದರು ಮಾನ್ಯರೇ? ಒಬ್ಬರ ತಲೆಗೆ ಹೊಳೆದದ್ದೇ, ಇಲ್ಲ ಇದಕ್ಕೊಂದು ಸಮಿತಿ ಕೂತಿತ್ತೇ?

ಏಳನೆಯ ತಿಂಗಳಲ್ಲಿ ನಾನು ಪೇಂಟರಣ್ಣನನ್ನು ನೋಡಲು ಹೋದೆ. ಐವತ್ತನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದೆ. ಕೂತಲ್ಲೇ ಕೂತು ಅವನ ಬೆನ್ನಿನ ಕೆಳಗೆ ಹುಣ್ಣಾಗಿತ್ತು. ಬಿಸಿಲಿಗೆ, ಗಾಳಿಗೆ ಓಡಾಡಿಸಿ ಎಂದು ಡಾಕ್ಟರು ಹೇಳಿದ್ದರು. ಕಿಟಕಿಯ ಆಚೆ ಪಕ್ಕದ ಕಟ್ಟಡದ ಗೋಡೆ, ಗಾಳಿ ಎಲ್ಲಿಂದ ಬರಬೇಕು?

‘ಬೀಗದಕ್ಕಾ, ನೀವು ಒಂದು ತಂತಿ ಹಾಕಿದ್ರೆ ಆ ಬೀಗ ತೆಗೆಯೋಕೆ ಎಷ್ಟು ಹೊತ್ತು ಬೇಕು?’ ಎಂದು ಕೇಳಿದ.

‘ಎರಡು ನಿಮಿಷ. ಕೈ ನಡುಗಿದ್ರೆ ಮೂರು.’

‘ಮತ್ತೆ?’

‘ಅದೊಂದು ಕೇಳಬೇಡ ಕಣಣ್ಣಾ. ಬೀಗದ ಯಜಮಾನರು ಹೇಳದೆ ಬೀಗ ಮುಟ್ಟಿದರೆ ನನಗೂ ಕಳ್ಳರಿಗೂ ಏನು ವ್ಯತ್ಯಾಸ? ಮೂವತ್ತೊಂದು ವರ್ಷ ಈ ಕಸುಬು ಮಾಡಿದ್ದೀನಿ. ಕಾಗದ ಅವರ ಹೆಸರಲ್ಲಿದೆ.’

ಅವನು ನಕ್ಕ. ‘ಸರಿ ಬಿಡಿ ಅಕ್ಕಾ, ಸುಮ್ನೆ ಕೇಳಿದೆ. ನಿಮ್ಮ ಕಸುಬಿನ ಮರ್ಯಾದೆ ನಾನ್ಯಾಕೆ ಕಳೀಲಿ?’ ಆಮೇಲೆ ಹೆಂಡತಿಗೆ ‘ಅಕ್ಕಂಗೆ ಟೀ ಕೊಡೇ’ ಅಂದ. ನಾನು ಟೀ ಕುಡಿದು, ಮೆಟ್ಟಿಲಿಳಿದು ಬಂದೆ.

ಹದಿನೆಂಟು ದಿನಕ್ಕೆ ಹುಣ್ಣಿನ ನಂಜು ಏರಿ ಜ್ವರ ಬಂತು. ಕೆಲಸದ ದಿನ, ಬೆಳಗಿನ ಹನ್ನೊಂದು ಗಂಟೆ. ಇಡೀ ಕಟ್ಟಡದಲ್ಲಿ ಗಂಡಸರಿಲ್ಲ. ತಂಗಿ ಬೀದಿಗೆ ಓಡಿ, ಅಂಗಡಿಯಿಂದ ಅಂಗಡಿಗೆ ಓಡಿ, ನಾಲ್ವರನ್ನು ಕೂಡಿಸಿ ಅವನನ್ನು ಇಳಿಸುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ. ಆಸ್ಪತ್ರೆಯ ಬಾಗಿಲಲ್ಲಿ ಅವನಿಗೆ ಪ್ರಜ್ಞೆ ಇರಲಿಲ್ಲ. ಮರುದಿನ ಹೋದ. ನೀವು ಕೊಂದಿರಿ ಎಂದು ನಾನು ಬರೆಯುವುದಿಲ್ಲ, ಬರೆದರೆ ನಿಮ್ಮ ವಕೀಲರಿಗೆ ಕೆಲಸ ಸಿಗುತ್ತದೆ. ಏಳನೆಯ ಮನೆಯ ಮುಂದೆ ಇಳಿಜಾರಿದೆ, ಅಲ್ಲಿಂದ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ ಎಂದಷ್ಟೇ ಬರೆಯುತ್ತೇನೆ. ಉಳಿದದ್ದನ್ನು ನೀವೇ ಕೂಡಿ ಕಳೆಯಿರಿ.

ಅವನನ್ನು ಒಂದು ಗಂಟೆಯಾದರೂ ಅವನ ಮನೆಯಲ್ಲಿ ಮಲಗಿಸಬೇಕು ಎಂದು ತಂಗಿಗೆ ಆಸೆ. ನಿಮ್ಮ ಕಚೇರಿಗೆ ಹೋದಳು, ಜೊತೆಗೆ ನಾನಿದ್ದೆ. ನೀವು ಪ್ರವಾಸದಲ್ಲಿದ್ದಿರಿ. ಗುಮಾಸ್ತರು ಕಪಾಟಿನ ಕಡೆ ನೋಡಿ, ನಮ್ಮ ಕಡೆ ನೋಡಿ, ‘ಅಮ್ಮಾ, ನನ್ನ ಕೈಲಿಲ್ಲ. ಸಾಹೇಬರಿಗೆ ಫೋನ್ ಮಾಡಿದೆ. ಒಬ್ಬರಿಗೆ ಕೊಟ್ರೆ ಹತ್ತು ಜನ ಬರ್ತಾರೆ ಅಂದ್ರು’ ಎಂದರು. ಪಾಪ, ಅವರ ಕಣ್ಣಲ್ಲಿ ನೀರಿತ್ತು. ಹೇಳಿದ ಮಾತು ನಿಮ್ಮದೇ ಎಂಬುದಕ್ಕೆ ನಾನು ಸಾಕ್ಷಿ.

ಅವನನ್ನು ಬೀಗ ಹಾಕಿದ ಬಾಗಿಲ ಮುಂದೆ, ಇಳಿಜಾರಿನ ಮೇಲೆ, ಒಂದು ಗಂಟೆ ಮಲಗಿಸಿದೆವು. ನನ್ನ ಚೀಲದಲ್ಲಿ ತಂತಿ ಇತ್ತು. ಆಗಲೂ ನಾನು ತೆಗೆಯಲಿಲ್ಲ. ನಿಮ್ಮ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು, ಅದನ್ನು ಮುಚ್ಚಿಡುವುದಿಲ್ಲ.

ಮನೆಗೆ ಬಂದು ನಿಮ್ಮ ಆದೇಶವನ್ನು ಮತ್ತೆ ಓದಿದೆ. ಮೊದಲೇ ಸರಿಯಾಗಿ ಓದಿದ್ದರೆ! ‘ಕೀಲಿಗಳು ಕಚೇರಿಯ ವಶದಲ್ಲಿರತಕ್ಕದ್ದು’ ಎಂದಿದೆ. ಬೀಗದ ಮಾತೇ ಇಲ್ಲ. ಆ ಬೀಗಗಳನ್ನು ನಾನು ನಿಮಗೆ ಕೊಟ್ಟಿಲ್ಲ ಮಾನ್ಯರೇ, ಹನ್ನೊಂದು ಕುಟುಂಬಗಳಿಗೆ ಕೊಟ್ಟದ್ದು, ಅವರವರ ಹೆಸರಿನಲ್ಲಿ ಚೀಟಿ ಬರೆದು. ಬೀಗದ ಯಜಮಾನರು ಅವರು. ಹತ್ತು ಯಜಮಾನರು ನನ್ನ ಅಂಗಡಿಗೆ ಬಂದು, ಸಹಿ ಹಾಕಿ, ‘ಅಕ್ಕಾ, ನಮ್ಮ ಬೀಗ ಬದಲಾಯಿಸಿಕೊಡಿ’ ಎಂದು ಕೇಳಿದರು. ಬದಲಾಯಿಸಿಕೊಟ್ಟೆ. ಹೋದ ಮಂಗಳವಾರದಿಂದ ಹತ್ತೂ ಮನೆಗಳಲ್ಲಿ ಒಲೆ ಉರಿಯುತ್ತಿದೆ. ನಿಮ್ಮ ಕೀಲಿಗಳನ್ನು ಯಾರೂ ಮುಟ್ಟಿಲ್ಲ, ನಿಮ್ಮ ವಶದಲ್ಲೇ ಸುಖವಾಗಿರಲಿ. ಇನ್ನೊಬ್ಬ ಬೀಗದವರನ್ನು ಕರೆಸುವ ಯೋಚನೆಯಿದ್ದರೆ, ಈ ಊರಿನಲ್ಲಿ ಇನ್ನಿಬ್ಬರಿದ್ದಾರೆ. ಇಬ್ಬರೂ ನನ್ನ ಹತ್ತಿರ ಕಲಿತವರು. ಕೇಳಿ ನೋಡಿ.

ಏಳನೆಯ ಮನೆಯ ಬೀಗ ಮಾತ್ರ ಹಳೆಯದೇ. ತಂಗಿ ಬೇಡವೆಂದಳು. ‘ಅದನ್ನ ಆ ಸಾಹೇಬರೇ ಬಂದು ತೆಗೀಲಿ ಅಕ್ಕಾ. ಅವರು ತೆಗೆಯೋವರೆಗೆ ನಾನು ಒಳಗೆ ಕಾಲಿಡಲ್ಲ’ ಅಂದಳು. ಈಗ ಅವಳು ಪಕ್ಕದ ಹಳದಿ ಮನೆಯಲ್ಲಿ ಮಲಗುತ್ತಾಳೆ, ಹಗಲು ತನ್ನ ಬಾಗಿಲ ಮುಂದಿನ ಇಳಿಜಾರಿನ ತುದಿಯಲ್ಲಿ ಮೇಜು ಹಾಕಿಕೊಂಡು ಇಸ್ತ್ರಿ ಮಾಡುತ್ತಾಳೆ. ಅಧಿಕಾರಿಗಳ ವಸತಿಗೃಹದ ಬಟ್ಟೆಯೆಲ್ಲ ಅವಳಿಗೇ ಬರುವುದು, ನಿಮಗದು ಗೊತ್ತಿರಲಿಕ್ಕಿಲ್ಲ. ಭಾನುವಾರಕ್ಕೆಂದು ನೀವು ಕಳಿಸಿದ ಬಿಳಿ ಅಂಗಿಯೂ ಅಲ್ಲೇ ಇದೆ. ನಾನಾಗಿದ್ದರೆ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತುಬಿಡುತ್ತಿದ್ದೆ. ಅವಳು ಕಾಲರಿನ ಮೂಲೆಯನ್ನೂ ಬಿಡದೆ ತೀಡಿ ಮಡಚಿಟ್ಟಿದ್ದಾಳೆ. ‘ಫೋಟೋದಲ್ಲಿ ಚೆನ್ನಾಗಿ ಕಾಣ್ಲಿ’ ಅಂದಳು. ಆ ಮಾತಿಗೆ ನನಗೇ ಹೆದರಿಕೆಯಾಯಿತು.

ಅಪೂರ್ಣ ಬಣ್ಣದ ಆ ಟಿಪ್ಪಣಿ, ಭಾನುವಾರದ ಆಮಂತ್ರಣ ಅಚ್ಚಾಗುವಷ್ಟರಲ್ಲಿ ನಿಮಗೆ ಮರೆತೇಹೋಗಿದೆ. ಈಗ ನಮ್ಮ ಬೇಡಿಕೆ. ಹತ್ತು ಕುಟುಂಬಗಳ ಹಕ್ಕುಪತ್ರಗಳನ್ನು ಶನಿವಾರದೊಳಗೆ ಗುಮಾಸ್ತರ ಕೈಯಲ್ಲಿ ಮನೆಮನೆಗೆ ಕಳಿಸಿ. ಭಾಷಣ ಬೇಡ, ಹಾರ ಬೇಡ. ಹನ್ನೊಂದನೆಯ ಹಕ್ಕುಪತ್ರವನ್ನು ತಂಗಿಯ ಹೆಸರಿಗೆ ಬರೆದು, ಭಾನುವಾರ ನೀವೇ ಹಿಡಿದುಕೊಂಡು ಬನ್ನಿ. ಬರದೆ ತಪ್ಪಿಸಿಕೊಂಡರೆ ನಾವೆಲ್ಲ ಕಲ್ಲಿನ ಫಲಕದ ಮುಂದೆ, ನಿಮ್ಮ ಹೆಸರು ಎಲ್ಲಕ್ಕಿಂತ ಮೇಲಿರುವಲ್ಲಿ, ಕ್ಯಾಮೆರಾದವರಿಗೆ ಈ ಪತ್ರವನ್ನು ಗಟ್ಟಿಯಾಗಿ ಓದಿ ಹೇಳುತ್ತೇವೆ. ಮಖಮಲ್ಲಿನ ಹಲಗೆ ಹಿಡಿದು ಬಂದರೆ, ಹತ್ತು ಬಾಗಿಲ ಮುಂದೆ ಹತ್ತು ಸಲ ಕೀಲಿ ತಿರುಗಿಸಿ, ಹತ್ತು ಸಲ ಬೆವರು ಒರೆಸಿಕೊಳ್ಳುತ್ತೀರಿ. ಒಳಗಿನಿಂದ ಮಕ್ಕಳು ‘ಯಾರು?’ ಎಂದು ಕೇಳುತ್ತಾರೆ. ಏನು ಹೇಳಬೇಕೆಂದು ಈಗಲೇ ಯೋಚಿಸಿಟ್ಟುಕೊಳ್ಳಿ.

ಏಳನೆಯ ಬಾಗಿಲಲ್ಲಿ ನಿಮಗೆ ಕಷ್ಟವಾಗುವುದಿಲ್ಲ. ಆ ಬೀಗಕ್ಕೆ ನಾನೇ ಎಣ್ಣೆ ಹಾಕಿದ್ದೇನೆ, ಕೀಲಿ ಸಲೀಸಾಗಿ ತಿರುಗುತ್ತದೆ. ಬಾಗಿಲು ಅಗಲವಾಗಿದೆ. ಒಳಗೆ ಹೋಗಿ. ಮುಂದಿನ ಕೋಣೆಯಲ್ಲಿ ಅವನ ಗಾಲಿಕುರ್ಚಿಯನ್ನು ಇಡಬೇಕೆಂದಿದ್ದೆವು, ಕೀಲಿ ನಿಮ್ಮಲ್ಲಿತ್ತಲ್ಲ, ಅದಕ್ಕೆ ಹೊರಗೇ ಇಳಿಜಾರಿನ ಮೇಲೆ ಇಟ್ಟಿರುತ್ತೇವೆ. ನೀವೇ ಒಳಗೆ ತಳ್ಳಿಕೊಂಡು ಹೋಗಿ, ಗೋಡೆಯ ಪಕ್ಕ ನಿಲ್ಲಿಸಿ, ಅದರಲ್ಲಿ ಕೂತು, ನಿಮ್ಮ ಬಲಗೈಯನ್ನು ಎಷ್ಟು ಸಾಧ್ಯವೋ ಅಷ್ಟು ಮೇಲಕ್ಕೆ ಎತ್ತಿ. ಅಲ್ಲಿಯವರೆಗೆ ಬಣ್ಣ ಇದೆ.

ಇಂತಿ,
ಎರಡು ನಿಮಿಷದ ಕೆಲಸವನ್ನು ಮಾಡದೆ ಟೀ ಕುಡಿದು ಎದ್ದು ಬಂದ
ಬೀಗದಕ್ಕ