ಟ್ಯಾಂಕಿನ ಪೈಪಿಗೆ ಹಾಕಿದ ಕೊಂಡಿ

ಪುಟ್ಟಿ,

ಬೆಳಿಗ್ಗೆ ನೀನು ಏಳುವ ಮೊದಲೇ ಕೆಲಸಕ್ಕೆ ಹೊರಡುತ್ತೇನೆ. ನಿನ್ನ ಸೇಫ್ಟಿ ಬೆಲ್ಟಿನ ಕೊಂಡಿಗೆ ಸಿಮೆಂಟು ಮೆತ್ತಿ ಅದರ ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಅದನ್ನು ಬಿಸಾಕಿ ನನ್ನದನ್ನು ಹಾಕಿಟ್ಟಿದ್ದೇನೆ. ನಾಳೆ ನನಗೆ ನೆಲದ ಮೇಲಿನ ಕೆಲಸ, ಬೆಲ್ಟು ಬೇಕಾಗುವುದಿಲ್ಲ.

ಇವತ್ತು ನೀನು ಕೆಲಸ ಮಾಡುವ ಕಟ್ಟಡದ ಮುಂದಿನಿಂದಲೇ ಬಂದೆ. ಬೆಲ್ಟಿನ ಹಗ್ಗದ ಕೊಂಡಿಯನ್ನು ನೀರಿನ ಟ್ಯಾಂಕಿನ ಪೈಪಿಗೆ ಸಿಕ್ಕಿಸಿ ತಾರಸಿಯ ಅಂಚಿನಲ್ಲಿ ಬಗ್ಗಿದ್ದೆಯಲ್ಲ ಮಹಾರಾಯ್ತಿ! ಆ ಪೈಪು ಒದ್ದೆ ಬಟ್ಟೆಯ ಭಾರವನ್ನೂ ತಡೆಯುವುದಿಲ್ಲ. ಕೊಂಡಿ ಹಾಕಲೆಂದೇ ಕಾಂಕ್ರೀಟಿನಲ್ಲಿ ಕಬ್ಬಿಣದ ಬಳೆ ಕೂರಿಸಿರುವುದು ಯಾರಿಗೆ? ಕೂಗಿದರೆ ಬೆಚ್ಚಿ ತಿರುಗುತ್ತೀಯೆಂದು ಬಾಯಿ ಮುಚ್ಚಿಕೊಂಡು ಕೆಳಗೇ ನಿಂತೆ. ನೀನು ಒಳಗೆ ಸರಿದ ಮೇಲೆಯೇ ಅಲ್ಲಿಂದ ಹೊರಟೆ.

ಈಗ ನಿನ್ನನ್ನು ಎಬ್ಬಿಸಲು ಮನಸ್ಸಿಲ್ಲ, ಬೈಯಲು ನನಗೂ ತ್ರಾಣವಿಲ್ಲ. ನಾಳೆ ಬಳೆಗೇ ಹಾಕು, ಎಳೆದು ನೋಡು. ಸಂಜೆ ಮನೆಗೆ ಬಂದು ಬೈಸಿಕೊ.

ಅಮ್ಮ