ತಬ್ಯೇತ ಎಂಬ ಮಾತು

೨೦ ಜನವರಿ, ಮಂಗಳವಾರ. ಅಫಜಲಪುರ.

ಹೆಂಡತಿ ಮಹಾನಂದಾ ಇನ್ನೂ ಆಕ್ಸಿಜನ್ ಮೇಲಿದ್ದಾಳೆ. ಯಡ್ರಾಮಿಯ ಚಳವಳಿ ಸಭೆಯಿಂದ ಜ್ವರ ತಂದವನು ನಾನು. ನನ್ನನ್ನು ನಾಲ್ಕೇ ದಿನಕ್ಕೆ ಬಿಟ್ಟಿತು, ಆಕೆಗೆ ಇವತ್ತು ಒಂಬತ್ತನೆಯ ದಿನ. ಕೆಮ್ಮು ನಿಂತಿಲ್ಲವೆಂದು ನನ್ನನ್ನು ವಾರ್ಡಿನೊಳಗೆ ಬಿಡಲಿಲ್ಲ.

ಡಾಕ್ಟರಮ್ಮ ಬಾಗಿಲಲ್ಲೇ ಕೇಳಿದರು: "ಶುಗರ್ ಎಷ್ಟ ವರ್ಷದಿಂದ ಅದರಿ?"

"ಇಲ್ರಿ. ಆಕಿ ತಬ್ಯೇತ ಮೊದಲಿಂದ ಛಲೋ ಅದ."

"ಛಲೋ ಅಂದ್ರ ದಪ್ಪ ಅಂತ ಹೇಳಾಕತ್ತೀರೇನ್ರಿ?"

ಆರೋಗ್ಯಕ್ಕೂ ದಪ್ಪಕ್ಕೂ ನಮ್ಮಲ್ಲಿ ತಬ್ಯೇತ ಅನ್ನುವುದೊಂದೇ ಮಾತು. ಶುಗರ್ ಮುನ್ನೂರು ದಾಟಿದೆಯಂತೆ, ನಾವು ಒಮ್ಮೆಯೂ ನೋಡಿಸಿರಲಿಲ್ಲ. ಹೊಟ್ಟೆಯ ಬೊಜ್ಜು ಕೆಳಗಿನಿಂದ ಒತ್ತಿದರೆ ಶ್ವಾಸಕೋಶ ಪೂರ್ತಿ ಅರಳುವುದಿಲ್ಲ, ಸಕ್ಕರೆ ಏರಿದ ಮೈಗೆ ವೈರಸ್ ಎದುರಿಸುವ ಕಸುವು ಕಡಿಮೆ ಎಂದರು.

ನನ್ನವ್ವನ ಎದೆಯ ಎಲುಬು ಎಣಿಸಬಹುದಿತ್ತು. ಅದಕ್ಕೇ ಮಹಾನಂದಾಳ ತುಂಬಿದ ತೋಳು ನೋಡಿ ಮೆರೆದೆ. ನಮ್ಮ ಹೆಣ್ಣುಮಕ್ಕಳು ಮೈ ತುಂಬಿಕೊಳ್ಳುವುದೇ ಧಣಿಗಳಿಗೆ ಉತ್ತರ ಎಂದು ಮೈಕಿನಲ್ಲಿ ಕೂಗಿದೆ. ಆಕೆ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ, "ಕುಂಡ್ರು ಬೇ, ಧಣಿ ಹೇಣ್ತಿ ಆಗೀದಿ" ಎಂದು ನಕ್ಕೆ. ಪಡಿತರದ ಅಕ್ಕಿ, ಸಕ್ಕರೆ ಚಹಾ, ಅಗ್ಗದ ಎಣ್ಣೆ ಉಬ್ಬಿಸಿದ ಮೈಯೂ ಬಡವರ ಮೈಯೇ. ಹಸಿವಿನ ಬಗ್ಗೆ ಮೂವತ್ತು ವರ್ಷ ಬರೆದವನಿಗೆ ಇಷ್ಟು ಕಾಣಲಿಲ್ಲ.

ಚಳವಳಿಯ ಗೆಳೆಯರೆಲ್ಲ ಮೆಸೇಜ್ ಹಾಕಿದ್ದಾರೆ, ಬಾಗಿಲಿಗೆ ಯಾರೂ ಬಂದಿಲ್ಲ. ಸಂಜೆ, ಆಕೆಯ ಜೊತೆಗಿರುವ ನಾದಿನಿ ವಾರ್ಡಿನಿಂದ ಫೋನು ಹಚ್ಚಿ ಆಕೆಯ ಕಿವಿಗೆ ಹಿಡಿದಳು.

"ಉಂಡೀರೇನ್ರಿ?" ಎಂದಳು ಮಹಾನಂದಾ, ಮಾಸ್ಕಿನೊಳಗಿಂದ.

"ಉಂಡೇನಿ" ಎಂದು ಸುಳ್ಳು ಹೇಳಿದೆ. ಆಮೇಲೆ ಆಕೆಗೆ ಮಾತಾಡಲು ಆಗಲಿಲ್ಲ. ಒಂದು ಉಸಿರು ಕೇಳಿಸಿದರೆ ಇನ್ನೊಂದಕ್ಕೆ ಕಾಯುತ್ತ ಕೂತೆ. ನಾದಿನಿ ಫೋನು ಇಟ್ಟ ಮೇಲೂ ನಾನು ಕಿವಿಯಿಂದ ತೆಗೆಯಲಿಲ್ಲ.